ಮನೆಯ ಕೊಡ, ಕಣದ ರಾಶಿ: ವಿಸ್ತೀರ್ಣ ಮತ್ತು ಘನಫಲದ ಪ್ರಾಜೆಕ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತು, ಹತ್ತನೇ ತರಗತಿಯಲ್ಲಿ ಮೇಲ್ಮೈ ವಿಸ್ತೀರ್ಣ ಮತ್ತು ಘನಫಲದ ಪಾಠ ಶುರುವಾದರೆ ಪ್ರಾಜೆಕ್ಟ್ ಕೆಲಸವೂ ಹಿಂದೆಯೇ ಬರುತ್ತದೆ. ಮಕ್ಕಳ ಪ್ರಶ್ನೆ, ಅಪ್ಪ ಅಮ್ಮಂದಿರ ಫೋನು ಎರಡೂ ಆಗ ಹೆಚ್ಚು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ನಾನು ವರ್ಷ ವರ್ಷವೂ ಕೊಡುವ ಉತ್ತರಗಳನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಪ್ರಾಜೆಕ್ಟಿಗೆ ಯಾವ ವಸ್ತು ಆರಿಸಿಕೊಳ್ಳಲಿ?

ಎರಡು ದಾರಿಯಲ್ಲಿ ಅಳೆಯಲು ಬರುವ ಯಾವುದಾದರೂ ಆಗಬಹುದು. ಒಂದು ದಾರಿ ಸ್ಕೇಲು, ದಾರ, ಸೂತ್ರ. ಇನ್ನೊಂದು ನೀರು, ಕಾಳು ಅಥವಾ ತಕ್ಕಡಿ. ಎರಡು ದಾರಿಯ ಉತ್ತರಗಳು ಸ್ವಲ್ಪ ಬೇರೆ ಬೇರೆ ಬರುತ್ತವೆ. ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕುವುದೇ ಪ್ರಾಜೆಕ್ಟಿನ ನಿಜವಾದ ಕೆಲಸ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಒಂದು ವರ್ಷ ನನ್ನ ಕೈಗೆ ಬಂದ ಪುಸ್ತಕಗಳಲ್ಲಿ ಎಲ್ಲರ ಮನೆಯ ಡಬ್ಬದ ತ್ರಿಜ್ಯವೂ 7 ಸೆಂ.ಮೀ., ಎತ್ತರ 10 ಸೆಂ.ಮೀ., ಘನಫಲ 1540 ಘನ ಸೆಂ.ಮೀ. ಇತ್ತು. 22/7 ಜೊತೆ 7 ಸುಲಭವಾಗಿ ಹೊಡೆದುಹೋಗುತ್ತದೆ, ಅದಕ್ಕೆ. ಡಬ್ಬವನ್ನು ಯಾರೂ ಮುಟ್ಟಿರಲಿಲ್ಲ. ಮಕ್ಕಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ನಾನೇ ಬೋರ್ಡಿನ ಮೇಲೆ ಎಲ್ಲ ಲೆಕ್ಕಕ್ಕೂ 7, 14, 21 ಬರೆದಿದ್ದೆ. ಮರುವರ್ಷದಿಂದ ಎರಡು ದಾರಿಯ ನಿಯಮ ತಂದೆ. 6.3 ಸೆಂ.ಮೀ. ತ್ರಿಜ್ಯ ಬರೆದ ಪುಸ್ತಕ ಕಂಡರೆ ಈಗ ನನಗೆ ಖುಷಿಯಾಗುತ್ತದೆ.

ಅಳೆಯಲು ಏನೇನು ಬೇಕು? ದುಡ್ಡು ಖರ್ಚಾಗುತ್ತದೆಯೇ?

ಖರ್ಚಿಲ್ಲ. ಹಿಗ್ಗದ ದಾರ, ಸ್ಕೇಲು, ಟೈಲರ್ ಟೇಪು ಸಿಕ್ಕರೆ ಅದು, ಒಂದು ಅಳತೆ ಪಾತ್ರೆ. ಉಲ್ಲನ್ ದಾರ ಬೇಡ, ಎಳೆದಷ್ಟೂ ಉದ್ದವಾಗುತ್ತದೆ.

ನೀರಿನ ಬಾಟಲಿಯ ಬಗ್ಗೆ ಎಚ್ಚರ. ಒಂದು ಲೀಟರ್ ಎಂದು ಬರೆದ ಬಾಟಲಿಯನ್ನು ಬಾಯಿಯವರೆಗೆ ತುಂಬಿದರೆ ಲೀಟರಿಗಿಂತ ಹೆಚ್ಚು ಹಿಡಿಯುತ್ತದೆ. ಅದಕ್ಕಿಂತ ನಂಬಿಕೆಯ ದಾರಿ ತೂಕದ್ದು: ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುತ್ತದೆ. ಖಾಲಿ ಪಾತ್ರೆ ತೂಗಿ, ನೀರು ತುಂಬಿ ಮತ್ತೆ ತೂಗಿ, ಕಳೆಯಿರಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇರುತ್ತದೆ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಹೋಗಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ತ್ರಿಜ್ಯ ಅಳೆಯುವುದು ಹೇಗೆ? ಮಧ್ಯಬಿಂದುವೇ ಕಾಣುವುದಿಲ್ಲವಲ್ಲ?

ತ್ರಿಜ್ಯವನ್ನು ನೇರವಾಗಿ ಅಳೆಯಲು ಹೋಗಬೇಡಿ. ದಾರ ಸುತ್ತಿ ಸುತ್ತಳತೆ ತೆಗೆದು 6.28ರಿಂದ (2 ಪೈ) ಭಾಗಿಸಿ. ಸುತ್ತಳತೆ ದೊಡ್ಡ ಅಳತೆಯಾದ್ದರಿಂದ ಅಲ್ಲಿ ಒಂದೆರಡು ಮಿಲಿಮೀಟರ್ ತಪ್ಪಿದರೂ ತ್ರಿಜ್ಯದಲ್ಲಿ ಆ ತಪ್ಪು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇದು ಸಣ್ಣ ವಿಷಯವಲ್ಲ. 3.5 ಸೆಂ.ಮೀ. ತ್ರಿಜ್ಯದಲ್ಲಿ ಒಂದೇ ಒಂದು ಮಿಲಿಮೀಟರ್ ತಪ್ಪಾದರೆ ಅದು ಸುಮಾರು ಶೇ 3. ಸಿಲಿಂಡರಿನಲ್ಲಿ ತ್ರಿಜ್ಯದ ವರ್ಗ ಬರುವುದರಿಂದ ಘನಫಲದಲ್ಲಿ ಅದು ಹತ್ತಿರ ಹತ್ತಿರ ಶೇ 6 ಆಗುತ್ತದೆ, ಗೋಳದಲ್ಲಿ ಶೇ 9. ಎತ್ತರದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಇಷ್ಟು ಹೊಡೆತ ಬೀಳುವುದಿಲ್ಲ. ಆದ್ದರಿಂದ ಸುತ್ತಳತೆಯನ್ನು ಮೂರು ಸಲ ತೆಗೆದು ಸರಾಸರಿ ಹಾಕಿ.

ಸ್ಕೇಲಿನ ಸೊನ್ನೆ ಗೆರೆ ಅಂಚಿನಲ್ಲೇ ಇದೆಯೋ, ಸ್ವಲ್ಪ ಒಳಗಿದೆಯೋ ನೋಡಿಕೊಳ್ಳಿ. ಅರ್ಧ ತರಗತಿ ಎಡವುವುದು ಅಲ್ಲೇ.

ಸ್ಟೀಲ್ ಲೋಟ ಸಿಲಿಂಡರ್ ಅಲ್ಲವೇ?

ಅಲ್ಲ. ಬಾಯಿ ಅಗಲ, ತಳ ಕಿರಿದು. ನಮ್ಮ ಮನೆಯ ಒಂದು ಲೋಟದ ಬಾಯಿಯ ವ್ಯಾಸ 7.6, ತಳದ ವ್ಯಾಸ 5.4, ಎತ್ತರ 9 ಸೆಂ.ಮೀ. ಬಾಯಿಯ ತ್ರಿಜ್ಯ ಹಿಡಿದು ಸಿಲಿಂಡರ್ ಎಂದು ಲೆಕ್ಕ ಹಾಕಿದರೆ 408 ಘನ ಸೆಂ.ಮೀ. ಬರುತ್ತದೆ. ನೀರು ತುಂಬಿ ತೂಗಿದರೆ 296 ಗ್ರಾಂ. ಇಷ್ಟು ದೊಡ್ಡ ಅಂತರ ಬಂದರೆ ಅಳತೆಯದ್ದಲ್ಲ, ಆಕಾರದ ತಪ್ಪು ಎಂದು ತಿಳಿಯಿರಿ.

ಸರಿಯಾದ ದಾರಿ ಇದು. ಲೋಟದ ಗೋಡೆಗಳು ಕೆಳಗೆ ಹಾಗೇ ಮುಂದುವರಿದು ಒಂದು ಬಿಂದುವಿನಲ್ಲಿ ಸೇರಿದವು ಅಂದುಕೊಳ್ಳಿ. ಆಗ ಉದ್ದನೆಯ ಶಂಕು ಸಿಗುತ್ತದೆ. ಅದರ ಎತ್ತರ ಸಮರೂಪ ತ್ರಿಭುಜದಿಂದ ಬರುತ್ತದೆ: 9 × 3.8 ÷ 1.1, ಅಂದರೆ ಸುಮಾರು 31.1 ಸೆಂ.ಮೀ. ತಳದ ಕೆಳಗಿನ ಚಿಕ್ಕ ಶಂಕುವಿನ ಎತ್ತರ 22.1 ಸೆಂ.ಮೀ. ದೊಡ್ಡದರ ಘನಫಲದಿಂದ ಚಿಕ್ಕದರ ಘನಫಲ ಕಳೆದರೆ ಸುಮಾರು 301 ಘನ ಸೆಂ.ಮೀ. ತೂಗಿದ 296ಕ್ಕೆ ಇದು ಹತ್ತಿರ. ಭಿನ್ನಕದ (ತುದಿ ಕತ್ತರಿಸಿದ ಶಂಕುವಿನ) ಸೂತ್ರ ಬಾಯಿಪಾಠ ಇಲ್ಲದಿದ್ದರೂ ಪರವಾಗಿಲ್ಲ, ಎರಡು ಶಂಕು ಗೊತ್ತಿದ್ದರೆ ಸಾಕು.

ನೀರಿನ ಕೊಡಕ್ಕೆ ಯಾವ ಸೂತ್ರ?

ಇಡೀ ಕೊಡಕ್ಕೆ ಒಂದೇ ಸೂತ್ರ ಇಲ್ಲ. ಹಾಗಾಗಿಯೇ ನನಗೆ ಈ ಪ್ರಾಜೆಕ್ಟ್ ಎಲ್ಲಕ್ಕಿಂತ ಇಷ್ಟ.

ಕೊಡವನ್ನು ಅಡ್ಡಡ್ಡಲಾಗಿ ತೆಳ್ಳಗಿನ ಬಿಲ್ಲೆಗಳಾಗಿ ಕೊಯ್ದಂತೆ ಕಲ್ಪಿಸಿಕೊಳ್ಳಿ. ಒಂದೊಂದು ಬಿಲ್ಲೆಯೂ ಹೆಚ್ಚು ಕಡಿಮೆ ಸಿಲಿಂಡರ್. ಕೊಡದ ಪಕ್ಕ ಸ್ಕೇಲು ನಿಲ್ಲಿಸಿ, ತಳದಿಂದ ಮೇಲಕ್ಕೆ 4 ಸೆಂ.ಮೀ.ಗೊಂದು ಗುರುತು ಹಾಕಿ, ಪ್ರತಿ ಪಟ್ಟಿಯ ನಡುವೆ ದಾರ ಸುತ್ತಿ ಸುತ್ತಳತೆ ಬರೆದುಕೊಳ್ಳಿ. ಸುತ್ತಳತೆಯ ವರ್ಗವನ್ನು 12.57ರಿಂದ (4 ಪೈ) ಭಾಗಿಸಿದರೆ ಆ ಬಿಲ್ಲೆಯ ವೃತ್ತದ ವಿಸ್ತೀರ್ಣ. ಅದನ್ನು 4ರಿಂದ ಗುಣಿಸಿದರೆ ಬಿಲ್ಲೆಯ ಘನಫಲ. ಎಲ್ಲ ಕೂಡಿಸಿ.

ನಮ್ಮ ತರಗತಿಯಲ್ಲಿ ಒಂದು ಪ್ಲಾಸ್ಟಿಕ್ ಕೊಡ ಅಳೆದೆವು. ಕುತ್ತಿಗೆಯವರೆಗೆ 24 ಸೆಂ.ಮೀ. ಎತ್ತರ, ಆರು ಪಟ್ಟಿ. ಸುತ್ತಳತೆಗಳು ತಳದಿಂದ ಕ್ರಮವಾಗಿ 62, 78, 86, 84, 70, 44 ಸೆಂ.ಮೀ. ಲೆಕ್ಕ ಹಾಕಿದಾಗ ಬಂದದ್ದು 9.93 ಲೀಟರ್. ಅದೇ ಕೊಡಕ್ಕೆ ಕುತ್ತಿಗೆಯವರೆಗೆ ಅಳೆದು ಅಳೆದು ನೀರು ಹೊಯ್ದರೆ ಹಿಡಿದದ್ದು 9.65 ಲೀಟರ್. ಕಾಲು ಕೆ.ಜಿ.ಗಿಂತ ಹೆಚ್ಚು ತೂಕದ ನೀರು ಲೆಕ್ಕದಲ್ಲಿ ಇದೆ, ಕೊಡದಲ್ಲಿ ಇಲ್ಲ. ಮಕ್ಕಳು ಕೂಡುವುದನ್ನು ಮತ್ತೆ ಮತ್ತೆ ಪರಿಶೀಲಿಸಿದರು, ತಪ್ಪು ಸಿಗಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ದಾರ ಸುತ್ತಿದ್ದು ಹೊರಗೆ. ನೀರು ಇರೋದು ಒಳಗೆ" ಅಂದಳು.

ಒಡೆದ ಇನ್ನೊಂದು ಅಂಥದೇ ಕೊಡದ ಚೂರು ತಂದು ದಪ್ಪ ನೋಡಿದೆವು, ಒಂದೂವರೆ ಮಿಲಿಮೀಟರ್ ಇತ್ತು. ಹಾಗಾದರೆ ಒಳಗಿನ ಸುತ್ತಳತೆ ಪ್ರತಿ ಪಟ್ಟಿಯಲ್ಲೂ ಸುಮಾರು 0.94 ಸೆಂ.ಮೀ. ಕಡಿಮೆ. ಹೊಸದಾಗಿ ಲೆಕ್ಕ ಹಾಕಿದರೆ 9.68 ಲೀಟರ್. ಆ ದಿನ ತರಗತಿಯಲ್ಲಿ ಎದ್ದ ಗದ್ದಲ ಕೇಳಿ ಪಕ್ಕದ ಕೋಣೆಯ ಮೇಡಂ ಬಂದು ಇಣುಕಿದರು.

ಇದೇ ದಾರಿಯಲ್ಲಿ ಹೂದಾನಿ, ಮಣ್ಣಿನ ಮಡಕೆ, ಕುಂಬಳಕಾಯಿ ಎಲ್ಲವನ್ನೂ ಅಳೆಯಬಹುದು. ಪಟ್ಟಿ ಎಷ್ಟು ಕಿರಿದೋ ಉತ್ತರ ಅಷ್ಟು ಹತ್ತಿರ. ಪಿಯುಸಿಯಲ್ಲಿ ಅನುಕಲನ (ಇಂಟಿಗ್ರೇಶನ್, ಸಣ್ಣ ಸಣ್ಣ ತುಂಡು ಕೂಡಿಸುವ ಲೆಕ್ಕ) ಬಂದಾಗ ಈ ಬಿಲ್ಲೆಗಳೇ ಮತ್ತೆ ಎದುರಾಗುತ್ತವೆ.

ಕಣದಲ್ಲಿರುವ ರಾಗಿ ರಾಶಿ ಅಳೆಯಬಹುದೇ?

ಖಂಡಿತ ಅಳೆಯಬಹುದು. ಹಳ್ಳಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ. ರಾಶಿ ಅಂದರೆ ಶಂಕು. ಬುಡದ ಸುತ್ತ ಹಗ್ಗ ಹಾಕಿ ಸುತ್ತಳತೆ ತೆಗೆಯಿರಿ. ತುದಿಯಿಂದ ತೆಳ್ಳನೆಯ ಕೋಲನ್ನು ನೆಟ್ಟಗೆ ಇಳಿಸಿ, ನೆಲ ಮುಟ್ಟಿದ ಮೇಲೆ ಗುರುತು ಹಾಕಿ ಎತ್ತರ ತೆಗೆಯಿರಿ. ಸುತ್ತಳತೆಯ ವರ್ಗವನ್ನು ಎತ್ತರದಿಂದ ಗುಣಿಸಿ 37.7ರಿಂದ (12 ಪೈ) ಭಾಗಿಸಿದರೆ ಘನಫಲ.

ಎರಡನೇ ಭಾಸ್ಕರಾಚಾರ್ಯ 1150ರಲ್ಲಿ ಬರೆದ ಲೀಲಾವತಿಯಲ್ಲಿ ರಾಶಿಯ ಲೆಕ್ಕಕ್ಕೇ ಒಂದು ಭಾಗ ಇದೆ. ಅಲ್ಲಿ ಕೋಲೂ ಬೇಕಿಲ್ಲ. ಸಣ್ಣ ಕಾಳಿನ ರಾಶಿಯ ಎತ್ತರ ಸುತ್ತಳತೆಯ ಹನ್ನೊಂದನೇ ಒಂದು ಪಾಲು, ದಪ್ಪ ಕಾಳಿನದ್ದು ಹತ್ತನೇ ಒಂದು, ಮುಳ್ಳಿರುವ ಧಾನ್ಯದ್ದು ಒಂಬತ್ತನೇ ಒಂದು. ಆಮೇಲೆ ಸುತ್ತಳತೆಯ ಆರನೇ ಒಂದು ಪಾಲಿನ ವರ್ಗವನ್ನು ಎತ್ತರದಿಂದ ಗುಣಿಸಿದರೆ ಆಯಿತು. ಕಾಳು ಜಾರಿ ನಿಲ್ಲುವ ಇಳಿಜಾರು ಆಯಾ ಧಾನ್ಯಕ್ಕೆ ಒಂದೇ ಇರುತ್ತದೆ ಎಂಬ ಅನುಭವ ಈ ಲೆಕ್ಕದ ಬೆನ್ನಿಗಿದೆ. ರಾಗಿಯಂಥ ಸಣ್ಣ ಕಾಳು ನುಣ್ಣಗೆ ಜಾರಿ ತಗ್ಗಾಗಿ ಹರಡುತ್ತದೆ. ಹನ್ನೊಂದನೇ ಒಂದು ಪಾಲು ಅಂದರೆ ಇಳಿಜಾರು ಸುಮಾರು 30 ಡಿಗ್ರಿ. ಮುಳ್ಳಿರುವ ಧಾನ್ಯ ಒಂದಕ್ಕೊಂದು ಸಿಕ್ಕಿಕೊಂಡು ಕಡಿದಾಗಿ ನಿಲ್ಲುತ್ತದೆ, ಅಲ್ಲಿ ಸುಮಾರು 35 ಡಿಗ್ರಿ.

6 ಮೀಟರ್ ಸುತ್ತಳತೆಯ ರಾಗಿ ರಾಶಿ ಅಂದುಕೊಳ್ಳಿ. ಎತ್ತರ ಸುಮಾರು 54.5 ಸೆಂ.ಮೀ. ಭಾಸ್ಕರಾಚಾರ್ಯರ ಲೆಕ್ಕದಲ್ಲಿ 0.545 ಘನ ಮೀಟರ್. ನಮ್ಮ ಶಂಕುವಿನ ಸೂತ್ರದಲ್ಲಿ 0.52. ಅವರದ್ದು ಶೇ 5ರ ಸನಿಹ ಹೆಚ್ಚು, ಏಕೆಂದರೆ ಇಲ್ಲಿ ಪೈ ಬದಲು 3 ಕೂತಿದೆ. ಕಣದಲ್ಲಿ ನಿಂತು ಬಾಯಲ್ಲೇ ಹಾಕುವ ಲೆಕ್ಕಕ್ಕೆ ಅಷ್ಟು ಸಾಕು.

ಗೋಡೆಗೆ ಒರಗಿದ ರಾಶಿಯಾದರೆ ಕಾಣುವುದು ಅರ್ಧ ಶಂಕು. ಸುತ್ತಳತೆ ದುಪ್ಪಟ್ಟು ಮಾಡಿ, ಲೆಕ್ಕ ಮುಗಿಸಿ, ಉತ್ತರ ಅರ್ಧ ಮಾಡಿ. ಮೂಲೆಯೊಳಗಿನ ರಾಶಿಗೆ ಸುತ್ತಳತೆಯನ್ನು ನಾಲ್ಕರಿಂದ ಗುಣಿಸಿ, ಉತ್ತರವನ್ನು ನಾಲ್ಕರಿಂದ ಭಾಗಿಸಿ. ಇದೂ ಲೀಲಾವತಿಯಲ್ಲೇ ಇದೆ.

ಪೇಟೆಯ ಮಕ್ಕಳು ದೊಡ್ಡ ತಟ್ಟೆಯಲ್ಲಿ ರಾಗಿ, ಕಡಲೆ, ಭತ್ತ ಒಂದೊಂದಾಗಿ ಸುರಿದು ಎತ್ತರ ಸುತ್ತಳತೆಯ ಎಷ್ಟನೇ ಪಾಲು ಎಂದು ನೋಡಲಿ. ಎಂಟುನೂರು ವರ್ಷಕ್ಕೂ ಹಳೆಯ ಮಾತನ್ನು ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿದಂತಾಗುತ್ತದೆ. ರಾಶಿಯಲ್ಲಿ ಎಷ್ಟು ಕ್ವಿಂಟಾಲ್ ಇದೆ ಎಂದು ತಿಳಿಯಬೇಕಾದರೆ ಅದೇ ಕಾಳನ್ನು ಒಂದು ಲೀಟರ್ ಅಳತೆಗೆ ತುಂಬಿ ತೂಗಿ ಗುಣಿಸಿ.

ಆಲೂಗೆಡ್ಡೆ, ಕಲ್ಲು ಇಂಥವಕ್ಕೆ ಸೂತ್ರವೇ ಇಲ್ಲವಲ್ಲ?

ನೀರಿದೆ. ಅಂಚಿನವರೆಗೆ ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರು ಅಳೆಯುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ನೀರು ಅಂಚಿಗಿಂತ ಮೇಲೆ ಉಬ್ಬಿ ನಿಲ್ಲುತ್ತದೆ, ಪಾತ್ರೆಯ ಹೊರಮೈಗೂ ಅಂಟುತ್ತದೆ. ಹತ್ತು ಹದಿನೈದು ಮಿಲಿಲೀಟರ್ ಹಾಗೇ ತಪ್ಪಿಹೋಗುತ್ತದೆ.

ತಕ್ಕಡಿ ಸಿಕ್ಕರೆ ಹೀಗೆ ಮಾಡಿ. ಮುಕ್ಕಾಲು ನೀರಿರುವ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಆಲೂಗೆಡ್ಡೆಗೆ ದಾರ ಕಟ್ಟಿ, ಕೈಯಲ್ಲಿ ಹಿಡಿದು, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳ, ಪಕ್ಕ ಎಲ್ಲೂ ತಾಗಬಾರದು. ತಕ್ಕಡಿ 142 ಗ್ರಾಂ ತೋರಿಸಿದರೆ ಘನಫಲ 142 ಘನ ಸೆಂ.ಮೀ. ಆರ್ಕಿಮಿಡೀಸನ ತತ್ವ ಇದೇ: ನೀರು ಆಲೂಗೆಡ್ಡೆಯನ್ನು ಮೇಲಕ್ಕೆ ಎಷ್ಟು ಒತ್ತುತ್ತದೋ ಅಷ್ಟೇ ಭಾರ ಪಾತ್ರೆಯ ಮೇಲೆ ಬೀಳುತ್ತದೆ. ತೇಲುವ ವಸ್ತುವಾದರೆ ತೆಳ್ಳನೆ ಸೂಜಿಯಿಂದ ಒತ್ತಿ ಪೂರ್ತಿ ಮುಳುಗಿಸಿ, ಲೆಕ್ಕ ಅದೇ.

ಚೆಂಡಿನ ಘನಫಲದಲ್ಲಿ ಹೊಸದೇನು ಮಾಡಬಹುದು?

ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಗೋಳಕ್ಕೆ ಅವರು ಎರಡು ಲೆಕ್ಕ ಕೊಡುತ್ತಾರೆ. ವ್ಯವಹಾರಕ್ಕೆ ತ್ರಿಜ್ಯದ ಘನದ ನಾಲ್ಕೂವರೆ ಪಟ್ಟು. ಸೂಕ್ಷ್ಮಕ್ಕೆ ಅದರ ಹತ್ತರಲ್ಲಿ ಒಂಬತ್ತು ಪಾಲು, ಅಂದರೆ 4.05 ಪಟ್ಟು. ನಮ್ಮ ಸೂತ್ರದಲ್ಲಿ ಅದು 4.19.

20.7 ಸೆಂ.ಮೀ. ಸುತ್ತಳತೆಯ ರಬ್ಬರ್ ಚೆಂಡಿಗೆ ಮೂರೂ ಹಾಕಿ ನೋಡಿ: ಸುಮಾರು 161, 145, 150 ಘನ ಸೆಂ.ಮೀ. ಆಮೇಲೆ ಚೆಂಡನ್ನು ಸೂಜಿಯಿಂದ ಒತ್ತಿ ನೀರಿನಲ್ಲಿ ತೂಗಿ, ಯಾವುದಕ್ಕೆ ಹತ್ತಿರ ಬರುತ್ತದೆ ಎಂದು ನೋಡಿ. ನೂಲಿನ ಮೈಯ ಟೆನಿಸ್ ಚೆಂಡು ಬೇಡ, ನೀರು ಹೀರುತ್ತದೆ.

ಚೆಂಡು ಸಿಗದಿದ್ದರೆ ಅಮ್ಮ ಕಟ್ಟಿದ ರಾಗಿ ಮುದ್ದೆಗೂ ದಾರ ಸುತ್ತಬಹುದು. ಆರಿದ ಮೇಲೆ.

ಎಲೆಯ ವಿಸ್ತೀರ್ಣ ಹೇಗೆ?

ಚಿಕ್ಕ ಎಲೆಯಾದರೆ ಗ್ರಾಫ್ ಹಾಳೆಯ ಮೇಲಿಟ್ಟು ಅಂಚು ಬರೆದು ಚೌಕ ಎಣಿಸಿ. ಅರ್ಧ ಅಥವಾ ಹೆಚ್ಚು ತುಂಬಿದ ಚೌಕ ಒಂದು, ಅರ್ಧಕ್ಕಿಂತ ಕಡಿಮೆಯದ್ದು ಬಿಡಿ.

ಬಾಳೆ ಎಲೆಗೆ ಎಣಿಸುತ್ತಾ ಕೂರಬೇಡಿ. 10 ಸೆಂ.ಮೀ.ಗೊಂದು ಪಟ್ಟಿ ಮಾಡಿ, ಪಟ್ಟಿಯ ನಡುವಿನ ಅಗಲ ಅಳೆದು ಕೂಡಿಸಿ. ಎಳೆ ಗಿಡದ 80 ಸೆಂ.ಮೀ. ಉದ್ದದ ಇಡೀ ಎಲೆಯೊಂದರಲ್ಲಿ ಅಗಲಗಳು 14, 22, 27, 29, 29, 27, 22, 12 ಬಂದವು. ಒಟ್ಟು 182, ಹತ್ತರಿಂದ ಗುಣಿಸಿದರೆ 1820 ಚದರ ಸೆಂ.ಮೀ. ತೋಟಗಾರಿಕೆಯವರು ಬಾಳೆ ಎಲೆಗೆ ಉದ್ದ × ಅತಿ ಹೆಚ್ಚಿನ ಅಗಲ × 0.8 ಎಂಬ ಲೆಕ್ಕ ಬಳಸುತ್ತಾರೆ. ಈ ಎಲೆಗೆ ಅದು 1856 ಕೊಡುತ್ತದೆ.

ಒಂದೇ ಹಾಳೆಯನ್ನು ಎರಡು ರೀತಿ ಸುತ್ತಿದರೆ ಘನಫಲ ಒಂದೇ ಇರುತ್ತದಲ್ಲವೇ?

ಇರುವುದಿಲ್ಲ. ಎ4 ಹಾಳೆ 29.7 × 21 ಸೆಂ.ಮೀ. ಉದ್ದದ ಅಂಚು ಸುತ್ತಳತೆಯಾಗುವಂತೆ ಸುತ್ತಿದರೆ ಕುಳ್ಳ ಕೊಳವೆ, ಘನಫಲ ಸುಮಾರು 1474 ಘನ ಸೆಂ.ಮೀ. ಗಿಡ್ಡ ಅಂಚು ಸುತ್ತಳತೆಯಾದರೆ ಎತ್ತರದ ಕೊಳವೆ, ಸುಮಾರು 1042. ಪಾರ್ಶ್ವ ಮೇಲ್ಮೈ ಎರಡರದ್ದೂ ಒಂದೇ.

ತರಗತಿಯಲ್ಲಿ ತೋರಿಸುವ ರೀತಿ ಹೇಳುತ್ತೇನೆ. ಎತ್ತರದ ಕೊಳವೆಯನ್ನು ಕುಳ್ಳ ಕೊಳವೆಯೊಳಗೆ ನಿಲ್ಲಿಸಿ, ಎತ್ತರದ್ದಕ್ಕೆ ಮಂಡಕ್ಕಿ ತುಂಬಿ. ಈಗ ಅದನ್ನು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಮಂಡಕ್ಕಿ ಸರ್ರನೆ ಇಳಿದು ಕುಳ್ಳ ಕೊಳವೆಯಲ್ಲಿ ಹರಡಿಕೊಳ್ಳುತ್ತದೆ, ಮೇಲೆ ಇನ್ನೂ ನಾಲ್ಕು ಬೆರಳಷ್ಟು ಜಾಗ ಖಾಲಿ. ತುಂಬಿ ಚೆಲ್ಲುತ್ತದೆ ಎಂದು ಕಾಯುತ್ತಿದ್ದ ಮಕ್ಕಳ ಮುಖ ಆಗ ನೋಡಬೇಕು. ಎರಡು ಘನಫಲಗಳ ಅನುಪಾತ 1.41, ಅಂದರೆ 2ರ ವರ್ಗಮೂಲ. ಎ4 ಹಾಳೆಯ ಉದ್ದ ಅಗಲಗಳ ಅನುಪಾತವೂ ಅದೇ.

ಪೈ ಬೆಲೆ 22/7 ಹಾಕಲೇ, 3.14 ಹಾಕಲೇ?

ಯಾವುದಾದರೂ ಸರಿ. 22/7 ನಿಜವಾದ ಬೆಲೆಗಿಂತ ಶೇ 0.04 ಮಾತ್ರ ಹೆಚ್ಚು, 3.14 ಶೇ 0.05 ಕಡಿಮೆ. ನಿಮ್ಮ ದಾರದ ತಪ್ಪು ಇದರ ಹತ್ತಾರು ಪಟ್ಟು ಇರುತ್ತದೆ. ಉತ್ತರದಲ್ಲಿ ದಶಾಂಶದ ನಂತರ ಆರು ಅಂಕಿ ಬರೆಯಬೇಡಿ.

ಶಾಲೆಯ ಕೋಣೆಗೆ ಬಣ್ಣ, ಮನೆಯ ಸಂಪು, ಅಪ್ಪನ ಜಮೀನು ತೆಗೆದುಕೊಳ್ಳಬಹುದೇ?

ಮೂರೂ ಒಳ್ಳೆಯವು. ಕೋಣೆಗೆ ನಾಲ್ಕು ಗೋಡೆಯ ವಿಸ್ತೀರ್ಣದಿಂದ ಬಾಗಿಲು, ಕಿಟಕಿ, ಕಪ್ಪುಹಲಗೆ ಕಳೆಯಿರಿ. 7.5 × 6 ಮೀಟರ್, 3.2 ಮೀಟರ್ ಎತ್ತರದ ಕೋಣೆಗೆ ಗೋಡೆ 86.4 ಚದರ ಮೀಟರ್. ಕಳೆಯಬೇಕಾದ್ದು ಸಾಮಾನ್ಯವಾಗಿ ಹತ್ತು ಹನ್ನೆರಡು ಚದರ ಮೀಟರ್ ಬರುತ್ತದೆ.

6 × 5 × 5 ಅಡಿಯ ಸಂಪು ಅಂದರೆ 150 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಒಟ್ಟು ಸುಮಾರು 4,245 ಲೀಟರ್. ಆದರೆ ಸಂಪಿನ ಮುಚ್ಚಳ ತೆಗೆಯುವಾಗ ದೊಡ್ಡವರು ಪಕ್ಕದಲ್ಲಿ ಇರಲೇಬೇಕು. ಒಳಗೆ ಇಳಿಯುವುದಂತೂ ಬೇಡವೇ ಬೇಡ. ಮೇಲಿನಿಂದ ಉದ್ದನೆ ಕೋಲು ಇಳಿಸಿ ಆಳ ನೋಡಿ.

ಜಮೀನಿಗೆ ಗುಂಟೆ ಲೆಕ್ಕ ಬರೆಯಿರಿ: 33 × 33 ಅಡಿ, 1089 ಚದರ ಅಡಿ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಹೊಲ ಚೌಕವಾಗಿರದಿದ್ದರೆ ತ್ರಿಭುಜಗಳಾಗಿ ಒಡೆದು ಮೂರು ಬಾಹು ಅಳೆದು ಹೀರಾನ್ ಸೂತ್ರ ಹಾಕಿ. ಅಜ್ಜಿಯ ಬಳಿ ಹಳೇ ಪಾವು, ಅಚ್ಚೇರು, ಸೇರು ಇದ್ದರೆ ಅವನ್ನೂ ಬಿಡಬೇಡಿ. ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ನೀರು ತುಂಬಿ ತೂಗಿ, ಈ ಅನುಪಾತ ನಿಜಕ್ಕೂ ಹಿಡಿಯುತ್ತದೆಯೇ ನೋಡಿ.

ಚದರ ಸೆಂ.ಮೀ. ಅನ್ನು ಚದರ ಮೀಟರ್ ಮಾಡಲು 100ರಿಂದ ಭಾಗಿಸಬೇಕೇ?

10,000ದಿಂದ. ಘನ ಸೆಂ.ಮೀ.ಯಿಂದ ಘನ ಮೀಟರಿಗೆ 10,00,000ದಿಂದ. 1000 ಘನ ಸೆಂ.ಮೀ. ಒಂದು ಲೀಟರ್, ಒಂದು ಘನ ಮೀಟರ್ ಸಾವಿರ ಲೀಟರ್.

ಎರಡು ಉತ್ತರ ತಾಳೆಯಾಗದಿದ್ದರೆ ಒಂದನ್ನು ಸ್ವಲ್ಪ ತಿದ್ದಿ ಬರೆಯಬಹುದೇ?

ದಯವಿಟ್ಟು ಬೇಡ. ಹಾಗೇ ಬರೆಯಿರಿ, ಅಂತರ ಶೇಕಡಾ ಎಷ್ಟು ಎಂದು ಬರೆಯಿರಿ, ಕಾರಣ ಹುಡುಕಿ. ಪಾತ್ರೆಯ ದಪ್ಪ, ಒಳಗೆ ಬಾಗಿದ ತಳ, ಮಡಚಿದ ಅಂಚು, ಹಿಗ್ಗಿದ ದಾರ, ಇವುಗಳಲ್ಲಿ ಒಂದು ಇದ್ದೇ ಇರುತ್ತದೆ. ಕಾರಣ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ನಾನು ಅದಕ್ಕೆ ಅಂಕ ಕಡಿಮೆ ಮಾಡುವುದಿಲ್ಲ. ಆ ಹುಡುಗಿ ಕೊಡದ ಲೆಕ್ಕವನ್ನು ತಿದ್ದಿ 9.65 ಎಂದು ಬರೆದುಬಿಟ್ಟಿದ್ದರೆ ದಾರ ಹೊರಗಿದೆ ಎಂಬುದು ನಮಗ್ಯಾರಿಗೂ ಹೊಳೆಯುತ್ತಲೇ ಇರಲಿಲ್ಲ.

ಅಪ್ಪ ಅಮ್ಮ ಎಷ್ಟು ಸಹಾಯ ಮಾಡಬಹುದು?

ದಾರದ ಇನ್ನೊಂದು ತುದಿ ಹಿಡಿದುಕೊಳ್ಳಿ, ಕೊಡ ಎತ್ತಿಕೊಡಿ, ತಕ್ಕಡಿ ಇರುವ ಅಂಗಡಿಗೆ ಕರೆದುಕೊಂಡು ಹೋಗಿ. ಲೆಕ್ಕ ಮಗುವೇ ಹಾಕಲಿ. ಥರ್ಮಾಕೋಲ್ ಮಾದರಿ ಮಾಡಿಸಿಕೊಂಡು ಬರುವುದು ಬೇಡ, ಅದರಲ್ಲಿ ಅಳೆಯುವುದಕ್ಕೇ ಏನೂ ಇರುವುದಿಲ್ಲ.

ಎಷ್ಟು ಪುಟ ಬರೆಯಬೇಕು?

ನಾಲ್ಕೈದು ಸಾಕು. ವಸ್ತುವಿನ ಚಿತ್ರ, ಅಳತೆಯ ಕೋಷ್ಟಕ, ಎರಡು ದಾರಿಯ ಲೆಕ್ಕ, ಅಂತರ, ಅದರ ಕಾರಣ. ಅಳೆಯುವಾಗ ಗೀಚಿಕೊಂಡ ಚೀಟಿಯನ್ನೂ ಹಿಂದೆ ಅಂಟಿಸಿ, ನೀರು ಬಿದ್ದು ಶಾಯಿ ಹರಡಿದ್ದರೂ ಸರಿ. ನಾನು ಮೊದಲು ನೋಡುವುದು ಆ ಚೀಟಿಯನ್ನೇ.